ಗಾಯಗೊಂಡ ಹಕ್ಕಿಗೆ ಯಾವ ಅರಿವಳಿಕೆ? ದಾನಿಗಳೂ ಸ್ವಯಂಸೇವಕರೂ ತಿಳಿದಿರಬೇಕಾದ ವಿಷಯ



ಸಂಕ್ರಾಂತಿ ಹತ್ತಿರ ಬಂದರೆ ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಂಡ ಹಕ್ಕಿಗಳನ್ನು ಹಿಡಿದುಕೊಂಡು ಜನ ಬರುತ್ತಾರೆ. ಹೈದರಾಬಾದ್ ಹತ್ತಿರವಿರುವ ಸೀಮೆ ನಮ್ಮದು, ಪತಂಗದ ಹುಚ್ಚು ಇಲ್ಲಿಯೂ ಉಂಟು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನೈಲಾನ್ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ದಾರ ಮರದಲ್ಲಿ, ಕರೆಂಟಿನ ಕಂಬದಲ್ಲಿ ಜೋತಾಡುತ್ತಲೇ ಇರುತ್ತದೆ. ಹಬ್ಬ ಮುಗಿದ ಮೇಲೆ ವಿದ್ಯುತ್ ತಂತಿ, ಬೆಕ್ಕು, ನಾಯಿ, ಹೊಲಕ್ಕೆ ಹೊಡೆದ ಔಷಧಿ, ಹೀಗೆ ವರ್ಷವಿಡೀ ಒಂದಲ್ಲ ಒಂದು ಕಾರಣಕ್ಕೆ ಹಕ್ಕಿಗಳು ಬೀಳುತ್ತವೆ.

ಪಶು ಆಸ್ಪತ್ರೆಯ ಮೇಜಿನ ಮುಂದೆ ನಿಂತಾಗ ನಮ್ಮವರ ಬಾಯಿಂದ ಎರಡು ಮಾತು ಮತ್ತೆ ಮತ್ತೆ ಕೇಳಿದ್ದೇನೆ. ಒಂದು, "ಇಷ್ಟು ಸಣ್ಣ ಜೀವ, ಮತ್ತಿನ ಔಷಧಿ ತಡೆಯೋದಿಲ್ಲ, ಹಾಗೇ ಹೊಲಿದುಬಿಡಿ ಡಾಕ್ಟರ್ ಸಾಹೇಬರೇ." ಇನ್ನೊಂದು, ಪಕ್ಕದವರ ಕಿವಿಯಲ್ಲಿ ಹೇಳುವ ಮಾತು, "ಇಂಜೆಕ್ಷನ್ ಅಂದ್ರೆ ಮುಗಿಸಿಬಿಡೋ ಇಂಜೆಕ್ಷನ್ ಇರಬೇಕು, ಬೇಡ ಅನ್ನಿ." ಎರಡೂ ಕರುಣೆಯಿಂದಲೇ ಬರುವ ಮಾತುಗಳು. ಆದರೆ ಎರಡರಿಂದಲೂ ಹಕ್ಕಿಗೆ ಕೇಡೇ ಹೆಚ್ಚು. ಅರಿವಳಿಕೆ ಎಂದರೇನು, ಹಕ್ಕಿಗೆ ಕೊಡುವ ಔಷಧಿಗಳು ಯಾವುವು, ಒಂದಕ್ಕೂ ಇನ್ನೊಂದಕ್ಕೂ ಏನು ಅಂತರ ಎಂಬುದು ಜೀವದಯೆಯ ಕೆಲಸಕ್ಕೆ ಹಣ ಕೊಡುವ ಮನೆತನಗಳಿಗೆ ಗೊತ್ತಿದ್ದರೆ ಆ ಹಣ ಸರಿಯಾದ ಕಡೆ ಹೋಗುತ್ತದೆ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ, ಅಡತಿ ಅಂಗಡಿಯಲ್ಲಿ ತೂಕ, ಲೆಕ್ಕ ಮಾಡಿಕೊಂಡು ಬಂದವನು. ಪಶುವೈದ್ಯರ ಜೊತೆ ನಿಂತು ಹಕ್ಕಿ ಹಿಡಿದುಕೊಳ್ಳುವ ಸೇವೆಯಲ್ಲಿ ಕೇಳಿ, ಓದಿ ತಿಳಿದದ್ದು ಇಷ್ಟು. ಕೆಳಗೆ ಒಂದೆರಡು ಕಡೆ ಔಷಧಿಯ ಪ್ರಮಾಣ ಬರುತ್ತದೆ, ಅದು ಲೆಕ್ಕ ಎಷ್ಟು ಸೂಕ್ಷ್ಮ ಎಂದು ತೋರಿಸಲಿಕ್ಕೆ ಮಾತ್ರ. ಮನೆಯಲ್ಲಿ ಯಾರೂ ಪ್ರಯೋಗ ಮಾಡಬಾರದು.

ಅರಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ

ಹಕ್ಕಿ ನೋವಾದರೆ ನಾಯಿಯಂತೆ ಕಿರುಚುವುದಿಲ್ಲ. ಕಾಡಿನಲ್ಲಿ ನೋವು ತೋರಿಸಿದ ಹಕ್ಕಿಯನ್ನು ಬೇಟೆ ಪ್ರಾಣಿ ಮೊದಲು ಹಿಡಿಯುತ್ತದೆ, ಆದ್ದರಿಂದ ಅದು ಸುಮ್ಮನೆ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿರುತ್ತದೆ. "ನೋಡಿ, ಎಷ್ಟು ಶಾಂತವಾಗಿದೆ" ಎನ್ನುತ್ತೇವೆ. ಆ ಶಾಂತಿಯ ಒಳಗೆ ಎದೆಬಡಿತ ನಾವು ಎಣಿಸಲಾಗದಷ್ಟು ವೇಗವಾಗಿ ಓಡುತ್ತಿರುತ್ತದೆ. ಸೂಜಿ ಚುಚ್ಚಿದಾಗ ಒಮ್ಮೆಲೇ ಕೊಡವುತ್ತದೆ. ಮುರಿದ ಎಲುಬಿನ ಚೂಪು ತುದಿ ಚರ್ಮವನ್ನು ಒಳಗಿನಿಂದಲೇ ಕೊಯ್ಯುತ್ತದೆ. ಹೆದರಿಕೆಯಿಂದಲೇ ಕೈಯಲ್ಲಿ ಪ್ರಾಣ ಬಿಡುವ ಹಕ್ಕಿಗಳೂ ಉಂಟು. ಎಲುಬು ಕೂಡಿಸುವುದು, ಆಳವಾದ ಗಾಯ ಹೊಲಿಯುವುದು ಇಂಥ ಕೆಲಸಕ್ಕೆ ಅರಿವಳಿಕೆ ಇಲ್ಲದೆ ಕೈ ಹಾಕುವುದು ಸುರಕ್ಷಿತ ದಾರಿಯಲ್ಲ.

ಹಾಗೆಂದು ಅರಿವಳಿಕೆಯಲ್ಲಿ ಅಪಾಯವೇ ಇಲ್ಲ ಎನ್ನಲೂ ಬರುವುದಿಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಅರಿವಳಿಕೆಗೆ ಸಂಬಂಧಿಸಿ ಸಾಯುವ ನಾಯಿಗಳು ಶೇ 0.17, ಬೆಕ್ಕುಗಳು ಶೇ 0.24, ಮೊಲಗಳು ಶೇ 1.39. ಸಾಕಿದ ಹಕ್ಕಿಗಳಲ್ಲಿ ಈ ಸಂಖ್ಯೆ ನಾಯಿ ಬೆಕ್ಕಿಗಿಂತ ಹಲವು ಪಟ್ಟು ಹೆಚ್ಚು. ಕಾಡಿನ ಹಕ್ಕಿ ನಮ್ಮ ಕೈಗೆ ಬರುವಾಗಲೇ ರಕ್ತ ಹೋಗಿ, ಹಸಿದು, ನೀರಿಲ್ಲದೆ ಒಣಗಿರುತ್ತದೆ. ಹಾಗಾಗಿ ಒಳ್ಳೆಯ ವೈದ್ಯರು ಬಂದ ಕೂಡಲೇ ಮೇಜಿನ ಮೇಲೆ ಮಲಗಿಸುವುದಿಲ್ಲ. ರಕ್ತ ನಿಲ್ಲಿಸಿ, ಬೆಚ್ಚಗೆ ಕತ್ತಲಲ್ಲಿ ಇಟ್ಟು, ಚರ್ಮದಡಿ ದ್ರವ ಕೊಟ್ಟು, ಕೆಲವೊಮ್ಮೆ ಮರುದಿನ ಶಸ್ತ್ರಚಿಕಿತ್ಸೆ ಮಾಡುತ್ತಾರೆ. "ಡಾಕ್ಟರು ಮುಟ್ಟಲೇ ಇಲ್ಲ, ಡಬ್ಬಿಯಲ್ಲಿ ಇಟ್ಟುಬಿಟ್ಟರು" ಎಂದು ಸಿಟ್ಟಾಗಬೇಡಿ. ಅದೂ ಚಿಕಿತ್ಸೆಯೇ.

ಇನ್ನು ಎರಡನೆಯ ಸಂಶಯ. ವಾಸಿಯಾಗದ ಪ್ರಾಣಿಗೆ ಸಾವು ಕೊಡುವ ಔಷಧಿಯೇ ಬೇರೆ, ಪ್ರಮಾಣವೇ ಬೇರೆ, ಅದರ ನಿರ್ಧಾರದ ವಿಧಾನವೇ ಬೇರೆ. ಶಸ್ತ್ರಚಿಕಿತ್ಸೆಗೆ ಕೊಡುವುದು ಎಚ್ಚರವಾಗಲೆಂದೇ ಕೊಡುವ ಔಷಧಿ. ಸಂಶಯವಿದ್ದರೆ ವೈದ್ಯರನ್ನು ನೇರವಾಗಿ ಕೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಹಕ್ಕಿಯ ಉಸಿರಾಟ ಬೇರೆ

ಔಷಧಿಗಳ ಹೋಲಿಕೆ ಅರ್ಥವಾಗಬೇಕಾದರೆ ಹಕ್ಕಿಯ ಎದೆಯೊಳಗೆ ಸ್ವಲ್ಪ ಇಣುಕಬೇಕು. ನಮಗೆ ಎದೆ, ಹೊಟ್ಟೆ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ, ಅದು ಮೇಲೆ ಕೆಳಗೆ ಆಡಿ ಶ್ವಾಸಕೋಶ ತುಂಬುತ್ತದೆ. ಹಕ್ಕಿಗೆ ಅಂಥ ವಪೆ ಇಲ್ಲ. ಅದರ ಶ್ವಾಸಕೋಶ ನಮ್ಮದರಂತೆ ಹಿಗ್ಗುವುದೂ ಇಲ್ಲ, ಬೆನ್ನಿನ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ. ಅದರ ಸುತ್ತ ತೆಳುವಾದ ಗಾಳಿಚೀಲಗಳು, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು. ಎದೆಯ ಎಲುಬು ಮುಂದೆ ಹಿಂದೆ ಆಡಿದಾಗ ಈ ಚೀಲಗಳು ಒಲೆಯ ತಿದಿಯಂತೆ ಗಾಳಿಯನ್ನು ದೂಡುತ್ತವೆ, ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ರಕ್ತಕ್ಕೆ ಆಮ್ಲಜನಕ ಸೇರುತ್ತಲೇ ಇರುತ್ತದೆ. ಎತ್ತರದಲ್ಲಿ ಹಾರುವ ಜೀವಕ್ಕೆ ಬೇಕಾದ ವ್ಯವಸ್ಥೆ ಅದು.

ಇದರಿಂದ ಮೂರು ಪರಿಣಾಮ. ಎದೆಯನ್ನು ಬಿಗಿಯಾಗಿ ಹಿಡಿದರೆ ಮೂಗು, ಬಾಯಿ ತೆರೆದಿದ್ದರೂ ಹಕ್ಕಿ ಉಸಿರುಕಟ್ಟಿ ಸಾಯುತ್ತದೆ. ಮಕ್ಕಳು ಪ್ರೀತಿಯಿಂದ ಅವುಚಿ ಹಿಡಿಯುವಾಗ ಆಗುವುದು ಇದೇ. ಎರಡನೆಯದು, ಉಸಿರಿನ ಮೂಲಕ ಕೊಟ್ಟ ಔಷಧಿ ಬಹಳ ಬೇಗ ಒಳಸೇರುತ್ತದೆ, ಅಷ್ಟೇ ಬೇಗ ಹೊರಗೂ ಹೋಗುತ್ತದೆ. ಮೂರನೆಯದು, ಉಸಿರು ನಿಂತರೆ ನಮಗಿರುವಷ್ಟು ದಾಸ್ತಾನು ಅದಕ್ಕಿಲ್ಲ, ಸ್ವಲ್ಪ ಹೊತ್ತಿನಲ್ಲೇ ಕೆಲಸ ಕೆಡುತ್ತದೆ. ಯಾವ ಅರಿವಳಿಕೆ ಒಳ್ಳೆಯದು ಎಂಬ ಪ್ರಶ್ನೆ ಬಹುಮಟ್ಟಿಗೆ ಈ ಮೂರರ ಮೇಲೆಯೇ ನಿಂತಿದೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಕೊರಳಲ್ಲಿ ಏನಾದರೂ ಸಿಕ್ಕಿ ಉಸಿರಾಡಲಾಗದ ಹಕ್ಕಿಗೆ ವೈದ್ಯರು ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ಗಾಳಿಚೀಲಕ್ಕೇ ನಳಿಕೆ ಇಡುತ್ತಾರೆ. ಆಗ ಹಕ್ಕಿ ಪಕ್ಕೆಯಿಂದ ಉಸಿರಾಡುತ್ತದೆ, ಅರಿವಳಿಕೆಯನ್ನೂ ಅಲ್ಲಿಂದಲೇ ಕೊಡಬಹುದು.

ಸೂಜಿಯ ಔಷಧಿಗಳು: ಕೆಟಮಿನ್, ಜೈಲಜಿನ್, ಮಿಡಜೋಲಮ್

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಿಗುವುದು ಬಹುತೇಕ ಸೂಜಿಯ ಔಷಧಿ. ಅದರಲ್ಲಿ ಮುಖ್ಯವಾದದ್ದು ಕೆಟಮಿನ್. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಇದು ಮನುಷ್ಯರ ಆಪರೇಷನ್ನಿಗೂ ಬಳಕೆಯಲ್ಲಿದೆ. ಯಂತ್ರ ಬೇಡ, ಉಸಿರಾಟವನ್ನು ಬಹಳ ಕುಗ್ಗಿಸುವುದಿಲ್ಲ, ಎದೆಯ ಸ್ನಾಯುವಿಗೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ. ಇವು ಗುಣ. ಆದರೆ ಒಂದನ್ನೇ ಕೊಟ್ಟರೆ ಹಕ್ಕಿಯ ಸ್ನಾಯು ಸಡಿಲವಾಗುವುದಿಲ್ಲ, ಕೊರಡಿನಂತೆ ಬಿಗಿಯುತ್ತದೆ. ಎಚ್ಚರವಾಗುವಾಗ ರೆಕ್ಕೆ ಬಡಿದು ಒದ್ದಾಡಿ, ಆಗಷ್ಟೇ ಕೂಡಿಸಿದ ಎಲುಬನ್ನು ಮತ್ತೆ ಮುರಿದುಕೊಳ್ಳುವ ಭಯ. ಗೂಬೆ, ರಣಹದ್ದುಗಳಿಗೆ ಇದು ವಿಶೇಷವಾಗಿ ಒಗ್ಗುವುದಿಲ್ಲ. ದೇಹದಿಂದ ಹೊರಹೋಗಲು ಮೂತ್ರಪಿಂಡ ಸರಿಯಿರಬೇಕು, ನೀರಿಲ್ಲದೆ ಒಣಗಿದ ಹಕ್ಕಿಯಲ್ಲಿ ಮತ್ತು ತಾಸುಗಟ್ಟಲೆ ಉಳಿಯುತ್ತದೆ. ಇದನ್ನು ತಿರುಗಿಸುವ ಮರುಮದ್ದೂ ಇಲ್ಲ.

ಹಾಗಾಗಿ ಕೆಟಮಿನ್ ಜೊತೆಗೆ ಇನ್ನೊಂದನ್ನು ಬೆರೆಸುತ್ತಾರೆ. ದನದ ಆಸ್ಪತ್ರೆಯಲ್ಲಿ ಯಾವಾಗಲೂ ಇರುವುದು ಜೈಲಜಿನ್. ಎತ್ತು, ಎಮ್ಮೆ ಶಾಂತವಾಗಿ ನಿಲ್ಲಲು ಕೊಡುವುದು ಅದನ್ನೇ. (ಒಂದು ಸ್ವಾರಸ್ಯ: ಕುದುರೆಗೆ ಬೇಕಾದ ಪ್ರಮಾಣದ ಹತ್ತನೇ ಒಂದು ಪಾಲು ದನಕ್ಕೆ ಸಾಕು. ಜಾತಿಯಿಂದ ಜಾತಿಗೆ ಔಷಧಿ ಎಷ್ಟು ಬದಲಾಗುತ್ತದೆ ನೋಡಿ.) ಜೈಲಜಿನ್ ಬೆರೆಸಿದರೆ ಸ್ನಾಯು ಸಡಿಲವಾಗುತ್ತದೆ, ನೋವೂ ಕಡಿಮೆಯಾಗುತ್ತದೆ. ಆದರೆ ಎದೆಬಡಿತ, ಉಸಿರು ಎರಡನ್ನೂ ಇಳಿಸುತ್ತದೆ. ರಕ್ತ ಹೋದ ಹಕ್ಕಿಗೆ ಇದು ಭಾರ. ಒಂದು ಅನುಕೂಲವೆಂದರೆ ಯೊಹಿಂಬಿನ್, ಅಟಿಪಮೆಜೋಲ್ ಎಂಬ ಮರುಮದ್ದುಗಳಿಂದ ಜೈಲಜಿನ್ ಪರಿಣಾಮವನ್ನು ತಿರುಗಿಸಬಹುದು.

ಮತ್ತೊಂದು ಜೋಡಿ ಕೆಟಮಿನ್ ಜೊತೆ ಡಯಾಜಿಪಾಮ್ ಅಥವಾ ಮಿಡಜೋಲಮ್. ಇವೆರಡೂ ಒಂದೇ ಕುಟುಂಬದವು, ಹೃದಯಕ್ಕೆ ಜೈಲಜಿನ್ನಷ್ಟು ಭಾರವಲ್ಲ. ಡಯಾಜಿಪಾಮ್ ನೀರಿನಲ್ಲಿ ಕರಗುವುದಿಲ್ಲ, ಬೇರೆ ದ್ರಾವಣದಲ್ಲಿರುತ್ತದೆ, ಸ್ನಾಯುವಿಗೆ ಕೊಟ್ಟರೆ ಉರಿಯುತ್ತದೆ, ಎಷ್ಟು ರಕ್ತಕ್ಕೆ ಸೇರಿತೆಂದು ನಂಬಲಾಗದು. ಮಿಡಜೋಲಮ್ ನೀರಿನಲ್ಲಿ ಕರಗುತ್ತದೆ, ಸ್ನಾಯುವಿಗೆ ಸಲೀಸು, ಮೂಗಿನ ಹೊಳ್ಳೆಗೆ ಹನಿ ಬಿಟ್ಟರೂ ಕೆಲಸ ಮಾಡುತ್ತದೆ. ಫ್ಲುಮಜೆನಿಲ್ ಎಂಬ ಮರುಮದ್ದು ಇದೆ. ಸೂಜಿಯ ಔಷಧಿಗಳಲ್ಲಿಯೇ ಆರಿಸಬೇಕೆಂದರೆ ಕಾಡಿನ ಹಕ್ಕಿಗೆ ಕೆಟಮಿನ್ ಮಿಡಜೋಲಮ್ ಜೋಡಿ ಉತ್ತಮವೆಂಬುದು ನನ್ನ ತಿಳಿವಳಿಕೆ. ಕೇವಲ ಎಕ್ಸ್‌ರೇ ತೆಗೆಯಲು, ಪಟ್ಟಿ ಕಟ್ಟಲು ಮಿಡಜೋಲಮ್ ಜೊತೆ ಬ್ಯುಟಾರ್ಫನಾಲ್ ಎಂಬ ನೋವಿನ ಔಷಧಿ ಸಾಕಾಗುವುದೂ ಉಂಟು. ಆಗ ಹಕ್ಕಿ ಪೂರ್ತಿ ಎಚ್ಚರ ತಪ್ಪದೆ ಮಂಪರಿನಲ್ಲಿರುತ್ತದೆ. ಪ್ರೊಪೊಫಾಲ್ ಎಂಬುದೂ ಇದೆ, ಅದನ್ನು ರಕ್ತನಾಳಕ್ಕೇ ಕೊಡಬೇಕು, ಉಸಿರು ನಿಲ್ಲಿಸುವ ಗುಣವಿದೆ, ನಳಿಕೆ ಹಾಕಿ ಉಸಿರು ಕೊಡುವ ಸಿದ್ಧತೆ ಇಲ್ಲದ ಕಡೆ ಅದರ ಮಾತೇ ಬೇಡ.

ಕೆಲವರು ಕೇಳುತ್ತಾರೆ, ಮೆಡಿಕಲ್ ಅಂಗಡಿಯಿಂದ ನಾವೇ ಕೆಟಮಿನ್ ತಂದುಕೊಡಬಹುದಲ್ಲ ಎಂದು. ಆಗದು. ನಶೆಗಾಗಿ ದುರ್ಬಳಕೆ ಆದ ಕಾರಣ ಸರಕಾರ ಅದನ್ನು ಶೆಡ್ಯೂಲ್ ಎಕ್ಸ್ ಪಟ್ಟಿಗೆ ಸೇರಿಸಿದೆ, ಮಾದಕ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ದಾಸ್ತಾನು, ಮಾರಾಟ ಎಲ್ಲಕ್ಕೂ ಕಟ್ಟುನಿಟ್ಟಿನ ಲೆಕ್ಕ. ಸಣ್ಣ ಆಸ್ಪತ್ರೆಯಲ್ಲಿ ಅದು ಇಲ್ಲ ಎಂದರೆ ವೈದ್ಯರ ಉದಾಸೀನ ಎಂದುಕೊಳ್ಳಬಾರದು.

ತೂಕದ ಮಾತು

ಇಲ್ಲಿ ವ್ಯಾಪಾರಿಯ ಬುದ್ಧಿ ಸ್ವಲ್ಪ ಓಡಿಸುತ್ತೇನೆ. 400 ಕಿಲೋ ಎತ್ತಿನ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿ 10 ಕಿಲೋ ತಪ್ಪಿದರೆ ಶೇ 2.5 ವ್ಯತ್ಯಾಸ, ಏನೂ ಆಗದು. ಗುಬ್ಬಿಯ ತೂಕ 25ರಿಂದ 30 ಗ್ರಾಂ, ಹಳೆಯ ಲೆಕ್ಕದಲ್ಲಿ ಎರಡೂವರೆ ತೊಲಕ್ಕೆ ಹತ್ತಿರ. ಅಲ್ಲಿ 10 ಗ್ರಾಂ ತಪ್ಪಿದರೆ ಮೂರನೇ ಒಂದು ಪಾಲು ತಪ್ಪಿದಂತೆ. ಹಾಲಕ್ಕಿ ಎಂದು ನಾವು ಕರೆಯುವ ಸಣ್ಣ ಗೂಬೆ ಸುಮಾರು 110 ಗ್ರಾಂ. ಕಿಲೋಗೆ 20 ಮಿ.ಗ್ರಾಂ. ಲೆಕ್ಕದಲ್ಲಿ ಅದಕ್ಕೆ ಬೇಕಾಗುವ ಕೆಟಮಿನ್ 2.2 ಮಿ.ಗ್ರಾಂ. ಬಾಟಲಿಯಲ್ಲಿ ಒಂದು ಮಿ.ಲೀ.ಗೆ 50 ಮಿ.ಗ್ರಾಂ. ಇದ್ದರೆ ಬೇಕಾದದ್ದು 0.044 ಮಿ.ಲೀ., ಅಂದರೆ ಒಂದು ಹನಿ. ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ಅದನ್ನು ಅಳೆಯಲಾಗದು, ಇನ್ಸುಲಿನ್ ಸಿರಿಂಜು ಬೇಕು, ಔಷಧಿಯನ್ನು ತೆಳುಮಾಡಿಕೊಳ್ಳಬೇಕು. ಇನ್ನೊಂದು ತೊಡಕು, ಕಿಲೋಗೆ ಇಷ್ಟು ಎಂಬ ದರವೇ ಎಲ್ಲ ಹಕ್ಕಿಗೂ ಒಂದಲ್ಲ. ಸಣ್ಣ ಹಕ್ಕಿಯ ದೇಹ ಔಷಧಿಯನ್ನು ಬೇಗ ಸುಟ್ಟುಹಾಕುತ್ತದೆ, ದರ ಹೆಚ್ಚು ಬೇಕು. ನವಿಲಿನಂಥ ದೊಡ್ಡ ಹಕ್ಕಿಗೆ ದರ ಕಡಿಮೆ.

ನಮ್ಮ ಸಮಾಜದಲ್ಲಿ ಬಂಗಾರದ ಅಂಗಡಿಯವರು ಎಷ್ಟೋ ಮಂದಿ. ಗ್ರಾಂ ತೋರಿಸುವ ಚಿನಿವಾರರ ತಕ್ಕಡಿ ಎಷ್ಟು ಬೆಲೆಯ ವಸ್ತು ಎಂದು ಅವರಿಗೆ ಗೊತ್ತು. ಅಂಥದೊಂದು ಎಲೆಕ್ಟ್ರಾನಿಕ್ ತಕ್ಕಡಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಇದ್ದರೆ ಉಳಿಯುವ ಹಕ್ಕಿಗಳು, ದೊಡ್ಡ ಫಲಕ ಹಾಕಿಸಿದ ಪಂಜರದಿಂದ ಉಳಿಯುವ ಹಕ್ಕಿಗಳಿಗಿಂತ ಹೆಚ್ಚು ಎಂದು ನನ್ನ ಗಟ್ಟಿ ಅಭಿಪ್ರಾಯ.

ಉಸಿರಿನ ಔಷಧಿಗಳು: ಐಸೊಫ್ಲುರೇನ್ ಏಕೆ ಮುಂದೆ

ಗಾಳಿಚೀಲದ ಮಾತು ಇಲ್ಲಿ ನೆನಪಿಸಿಕೊಳ್ಳಿ. ಸೂಜಿಯ ಔಷಧಿ ಒಳಗೆ ಹೋದ ಮೇಲೆ ವೈದ್ಯರ ಕೈ ಬಿಟ್ಟುಹೋಯಿತು. ಹೆಚ್ಚಾದರೆ ಹಿಂದಕ್ಕೆ ತೆಗೆಯಲಾಗದು. ಉಸಿರಿನ ಔಷಧಿಯಲ್ಲಿ ತಿರುಗುಣಿ ವೈದ್ಯರ ಕೈಯಲ್ಲೇ ಇರುತ್ತದೆ. ಆಮ್ಲಜನಕದ ಜೊತೆ ಔಷಧಿಯ ಆವಿ ಶೇಕಡಾ ಎಷ್ಟು ಎಂದು ಯಂತ್ರ ಅಳೆದು ಬಿಡುತ್ತದೆ. ಮೂತಿಗೆ ಮುಖವಾಡ ಇಟ್ಟು ಆರಂಭದಲ್ಲಿ ಶೇ 3ರಿಂದ 5, ಹಕ್ಕಿ ಮಲಗಿದ ಮೇಲೆ ಶೇ 2ರ ಆಸುಪಾಸು. ಆಳವಾಯಿತು ಎನಿಸಿದರೆ ತಿರುಗುಣಿ ಇಳಿಸಿ ಬರಿ ಆಮ್ಲಜನಕ ಕೊಟ್ಟರೆ ಹಕ್ಕಿ ಮೇಲೇಳತೊಡಗುತ್ತದೆ. ಕೆಲಸ ಮುಗಿದ ಕೆಲವು ನಿಮಿಷದಲ್ಲಿ ತಲೆ ಎತ್ತುತ್ತದೆ. ಹದ್ದು, ಗೂಬೆ, ಗಿಳಿ, ಕೊಕ್ಕರೆ ಯಾವುದಾದರೂ ಅದೇ ಔಷಧಿ, ತೂಕದ ಲೆಕ್ಕದ ತಲೆನೋವೂ ಕಡಿಮೆ.

ಈ ಆವಿಯ ಔಷಧಿಗಳಲ್ಲಿ ಮೂರನ್ನು ಹೋಲಿಸಬೇಕು. ಹಳೆಯದು ಹ್ಯಾಲೊಥೇನ್, 1956ರಿಂದ ಮನುಷ್ಯರಲ್ಲಿ ಬಳಕೆಗೆ ಬಂತು. ದೇಹಕ್ಕೆ ಸೇರಿದ್ದರಲ್ಲಿ ಸುಮಾರು ಐದನೇ ಒಂದು ಪಾಲು ಪಿತ್ತಜನಕಾಂಗದಲ್ಲಿ ಒಡೆಯಬೇಕು. ಹೃದಯದ ಲಯ ಕೆಡಿಸುತ್ತದೆ. ಹೆದರಿದ ಹಕ್ಕಿಯ ರಕ್ತದಲ್ಲಿ ಅಡ್ರಿನಲಿನ್ ತುಂಬಿರುವಾಗ ಅದು ಇನ್ನೂ ಅಪಾಯ. ಹಕ್ಕಿಯಲ್ಲಿ ಹ್ಯಾಲೊಥೇನ್ ಹೆಚ್ಚಾದರೆ ಉಸಿರು, ಎದೆಬಡಿತ ಹೆಚ್ಚುಕಡಿಮೆ ಒಟ್ಟಿಗೇ ನಿಲ್ಲುತ್ತವೆ. ಐಸೊಫ್ಲುರೇನ್‌ನಲ್ಲಿ ಮೊದಲು ಉಸಿರು ನಿಲ್ಲುತ್ತದೆ, ಹೃದಯ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತಿರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿಯೇ ವೈದ್ಯರು ಆವಿ ನಿಲ್ಲಿಸಿ ಉಸಿರು ಕೊಟ್ಟು ಜೀವ ಉಳಿಸುವುದು. ಐಸೊಫ್ಲುರೇನ್ ದೇಹದಲ್ಲಿ ಒಡೆಯುವುದು ಶೇ 0.2ರಷ್ಟು ಮಾತ್ರ, ಉಳಿದದ್ದೆಲ್ಲ ಉಸಿರಿನಲ್ಲಿಯೇ ಹೊರಗೆ. ದಣಿದ ಪಿತ್ತಜನಕಾಂಗ, ಮೂತ್ರಪಿಂಡಕ್ಕೆ ಹೊರೆ ಇಲ್ಲ.

ಮೂರನೆಯದು ಸೆವೊಫ್ಲುರೇನ್. ಇದರ ವಾಸನೆ ಮೂಗಿಗೆ ಚುರುಗುಟ್ಟುವುದಿಲ್ಲ, ಐಸೊಫ್ಲುರೇನ್‌ಗಿಂತಲೂ ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಆದರೆ ಶಕ್ತಿ ಕಡಿಮೆ, ಶೇಕಡಾವಾರು ಹೆಚ್ಚು ಬೇಕು, ಬೆಲೆಯೂ ಹೆಚ್ಚು. ಬಹಳ ಸೊರಗಿದ ಹಕ್ಕಿಗೆ ಕೆಲವು ವೈದ್ಯರು ಇದನ್ನೇ ಇಷ್ಟಪಡುತ್ತಾರೆ. ಅರ್ಧ ತಾಸಿನ ರೆಕ್ಕೆ ಹೊಲಿಗೆಗೆ ಎರಡರ ಅಂತರ ಲೆಕ್ಕಕ್ಕೆ ಬರುವಷ್ಟಿಲ್ಲ. ಹಣ ಸಮಾಜದ್ದು ಎಂದಾದರೆ ಐಸೊಫ್ಲುರೇನ್ ಸಾಕು.

ಖರ್ಚಿನ ಭಯವನ್ನೂ ಲೆಕ್ಕ ಹಾಕಿ ನೋಡೋಣ. ಒಂದು ಮಿ.ಲೀ. ಐಸೊಫ್ಲುರೇನ್ ಆವಿಯಾದರೆ ಸುಮಾರು 195 ಮಿ.ಲೀ. ಆಗುತ್ತದೆ. ನಿಮಿಷಕ್ಕೆ ಒಂದು ಲೀಟರ್ ಆಮ್ಲಜನಕದಲ್ಲಿ ಶೇ 2 ಬಿಟ್ಟರೆ ತಾಸಿಗೆ ಖರ್ಚಾಗುವುದು ಸುಮಾರು 6 ಮಿ.ಲೀ. 100 ಮಿ.ಲೀ. ಬಾಟಲಿ 16 ತಾಸು ಬರುತ್ತದೆ, ಅರ್ಧ ತಾಸಿನ ಶಸ್ತ್ರಚಿಕಿತ್ಸೆ ಮೂವತ್ತಕ್ಕೂ ಹೆಚ್ಚು. ಆದ್ದರಿಂದ ಔಷಧಿಯ ಖರ್ಚು ದೊಡ್ಡದಲ್ಲ. ಖರ್ಚು ಯಂತ್ರದ್ದು, ಆವಿ ಅಳೆಯುವ ಭಾಗವನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವುದರದ್ದು, ಮತ್ತು ಅದನ್ನು ನಡೆಸಬಲ್ಲ ವೈದ್ಯರ ತರಬೇತಿಯದ್ದು. ಹೊರಬರುವ ಆವಿಯನ್ನು ಕೋಣೆಯಿಂದ ಆಚೆ ಕಳಿಸುವ ಕೊಳವೆಯೂ ಬೇಕು, ಇಲ್ಲವಾದರೆ ದಿನವೂ ಅದನ್ನು ಉಸಿರಾಡುವವರು ಸಿಬ್ಬಂದಿಯೇ.

ಯಂತ್ರವಿಲ್ಲದೆ ಹತ್ತಿಗೆ ಔಷಧಿ ಅದ್ದಿ ಡಬ್ಬಿಯಲ್ಲಿ ಇಟ್ಟು ಹಕ್ಕಿಯನ್ನು ಮಲಗಿಸುವ ಉಪಾಯವೊಂದಿದೆ. ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಐಸೊಫ್ಲುರೇನ್ 48.5 ಡಿಗ್ರಿಗೇ ಕುದಿಯುವ ದ್ರವ. 20 ಡಿಗ್ರಿ ತಂಪಿನಲ್ಲಿಯೇ ಮುಚ್ಚಿದ ಡಬ್ಬಿಯೊಳಗೆ ಅದರ ಆವಿ ಶೇ 30 ದಾಟಬಲ್ಲದು. ಬೇಕಾದದ್ದು ಹೆಚ್ಚೆಂದರೆ ಶೇ 5. ನಮ್ಮ ಬೀದರ್ ಜಿಲ್ಲೆಯ ಮೇ ತಿಂಗಳ ಬಿಸಿಲಿನಲ್ಲಿ ಏನಾದೀತು ಎಂದು ನೀವೇ ಊಹಿಸಿ.

ಜಾಗ ಮರಗಟ್ಟಿಸುವುದು, ಆಮೇಲಿನ ನೋವು

ಲಿಗ್ನೊಕೇನ್ ನಮಗೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಪರಿಚಯವಾದ ಔಷಧಿ. ಚರ್ಮದ ಸಣ್ಣ ಹೊಲಿಗೆಗೆ ಅದು ಸಾಕಾಗಬಹುದು, ದೊಡ್ಡ ಕೆಲಸದಲ್ಲಿ ಬೇರೆ ಅರಿವಳಿಕೆಯ ಜೊತೆಗೂ ಕೊಡುತ್ತಾರೆ. ಹಕ್ಕಿಗೆ ಇದು ವಿಷ ಎಂಬ ಮಾತು ಹಿಂದಿನಿಂದ ಇದೆ. ಬಹುಮಟ್ಟಿಗೆ ಅದು ಪ್ರಮಾಣ ಮೀರಿದ್ದರ ಫಲ. ಮನುಷ್ಯರಿಗಿರುವ ಶೇ 2ರ ಬಾಟಲಿಯಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ. ಇರುತ್ತದೆ. 300 ಗ್ರಾಂ ಪಾರಿವಾಳಕ್ಕೆ ಕಿಲೋಗೆ 2ರಿಂದ 4 ಮಿ.ಗ್ರಾಂ. ಲೆಕ್ಕದಲ್ಲಿ ಬೇಕಾದದ್ದು 0.03ರಿಂದ 0.06 ಮಿ.ಲೀ. ಮತ್ತೆ ಅದೇ ಒಂದು ಹನಿಯ ಕಥೆ. ಇನ್ನು ಜಾಗ ಮರಗಟ್ಟಿದರೂ ಹೆದರಿಕೆ ಮರಗಟ್ಟುವುದಿಲ್ಲ, ಕಾಡಿನ ಹಕ್ಕಿಗೆ ಮನುಷ್ಯನ ಕೈಯೇ ದೊಡ್ಡ ಭಯ.

ಅರಿವಳಿಕೆಯೂ ನೋವಿನ ಔಷಧಿಯೂ ಒಂದೇ ಅಲ್ಲ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಐಸೊಫ್ಲುರೇನ್ ನಿಂತ ಹತ್ತು ನಿಮಿಷಕ್ಕೆ ಹಕ್ಕಿಗೆ ಪೂರ್ತಿ ನೋವು ಗೊತ್ತಾಗುತ್ತದೆ. ಅದಕ್ಕೆ ಬ್ಯುಟಾರ್ಫನಾಲ್, ಮೆಲಾಕ್ಸಿಕಾಮ್‌ನಂಥವು ಬೇಕು. "ನೋವಿಗೆ ಏನು ಕೊಟ್ಟಿರಿ?" ಎಂದು ವೈದ್ಯರನ್ನು ಕೇಳುವುದು ನಮ್ಮ ಹಕ್ಕು. ಆದರೆ ಮನೆಯಲ್ಲಿರುವ ನೋವಿನ ಗುಳಿಗೆಯನ್ನು ಪುಡಿಮಾಡಿ ಎಂದೂ ಹಾಕಬೇಡಿ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದೀಚೆಗೆ ನಮ್ಮ ದೇಶದ ಮುಖ್ಯ ರಣಹದ್ದು ಜಾತಿಗಳು ಶೇ 95ಕ್ಕೂ ಹೆಚ್ಚು ಕಡಿಮೆಯಾದವು. ಕಾರಣ ಪತ್ತೆಯಾದದ್ದು 2004ರಲ್ಲಿ, ಪಶುಗಳಿಗೆ ಅದನ್ನು ಕೊಡುವುದು ಭಾರತದಲ್ಲಿ ನಿಷೇಧವಾದದ್ದು 2006ರಲ್ಲಿ. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡನ್ನು 2023ರಲ್ಲಿ ನಿಷೇಧಿಸಿದರು. ಮೆಲಾಕ್ಸಿಕಾಮ್ ರಣಹದ್ದಿಗೆ ಸುರಕ್ಷಿತ ಎಂದು ಪರೀಕ್ಷೆಯಲ್ಲಿ ತಿಳಿದಿದೆ. ಗೋಶಾಲೆ ನಡೆಸುವವರೂ ಇದನ್ನು ಗಮನಿಸಬೇಕು, ಅಲ್ಲಿನ ಔಷಧಿ ಕಪಾಟಿನಲ್ಲಿ ಏನಿದೆ ಎಂದು ಒಮ್ಮೆ ನೋಡಿ.

ಔಷಧದಾನ ಎಲ್ಲಿಗೆ ಹೋಗಬೇಕು

ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ದಿಲ್ಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಸ್ವಾತಂತ್ರ್ಯಕ್ಕೂ ಮೊದಲೇ ಆರಂಭವಾದದ್ದು, ನಮ್ಮೆಲ್ಲರ ಹೆಮ್ಮೆ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗೆ ಇಟ್ಟುಕೊಳ್ಳುತ್ತಾರೆ, ಮಾಂಸ ತಿನ್ನುವ ಹಕ್ಕಿಗಳಿಗೆ ಹೊರರೋಗಿಗಳಂತೆ ಚಿಕಿತ್ಸೆ ಕೊಟ್ಟು ಕಳಿಸುತ್ತಾರೆ. ಆಹಾರದ ಪ್ರಶ್ನೆ ಇರುವಲ್ಲಿ ಆ ಕ್ರಮ ನನಗೆ ಅರ್ಥವಾಗುತ್ತದೆ. ಆದರೆ ಮಾಂಜಾಕ್ಕೆ ಹೆಚ್ಚಾಗಿ ಸಿಗುವುದು ಎತ್ತರದಲ್ಲಿ ಸುತ್ತುವ ಹದ್ದು. ಶಸ್ತ್ರಚಿಕಿತ್ಸೆ ಆದ ಮೇಲೆ ವಾರಗಟ್ಟಲೆ ಇಟ್ಟುಕೊಳ್ಳುವ ಜಾಗ ಅದಕ್ಕೆ ಬೇಕು, ಅಂಥ ವನ್ಯಜೀವಿ ಕೇಂದ್ರಗಳು ಬೇರೆ ಇವೆ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ನಮ್ಮ ದಾನ ಅರಿವಳಿಕೆಯ ಯಂತ್ರಕ್ಕೆ ಹೋದರೆ ಆಹಾರದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ಪಾರಿವಾಳಕ್ಕೂ ಹದ್ದಿಗೂ ಆಮ್ಲಜನಕ ಒಂದೇ.

ಗೋರ್ಟಾ (ಬಿ)ಯಂಥ ಹಳ್ಳಿಯಲ್ಲಿ ಯಂತ್ರ ಇಡಬೇಕೆಂದು ನಾನು ಹೇಳುವುದಿಲ್ಲ. ನಡೆಸುವವರಿಲ್ಲದ ಯಂತ್ರ ಧೂಳು ತಿನ್ನುತ್ತದೆ. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅದರ ಪಶುವೈದ್ಯಕೀಯ ಕಾಲೇಜಿದೆ. ಹುಮನಾಬಾದದಿಂದ ಸುಮಾರು 50 ಕಿ.ಮೀ. ದೊಡ್ಡ ಸಲಕರಣೆಗೆ ಕಲಿತ ಕೈಗಳಿರುವ ಅಂಥ ಜಾಗವೇ ಸರಿ, ಕೊಡುವ ಮೊದಲು ಅಲ್ಲಿನವರನ್ನು ಏನು ಕೊರತೆ ಎಂದು ಕೇಳಬೇಕು. ಹಳ್ಳಿ, ತಾಲ್ಲೂಕಿಗೆ ಬೇಕಾದದ್ದು ತಕ್ಕಡಿ, ಇನ್ಸುಲಿನ್ ಸಿರಿಂಜು, ಬೆಚ್ಚಗಿಡುವ ಪ್ಯಾಡು, ಸಣ್ಣ ಆಮ್ಲಜನಕ ಸಿಲಿಂಡರು, ಮತ್ತು ಬೀದರಿಗೆ ಒಯ್ಯಲು ಒಂದು ಗಾಡಿ. ಬೆಚ್ಚಗಿಡುವುದನ್ನು ಹಗುರವಾಗಿ ತಿಳಿಯಬೇಡಿ. ಹಕ್ಕಿಯ ಮೈ ಶಾಖವೇ 40ರಿಂದ 42 ಡಿಗ್ರಿ. ಅರಿವಳಿಕೆಯಲ್ಲಿ ಅದು ಸರಸರನೆ ಇಳಿಯುತ್ತದೆ, ಗಾಯದ ಸುತ್ತ ಸ್ಪಿರಿಟ್ ಹೆಚ್ಚು ಸವರಿದರೆ, ಪುಕ್ಕ ಹೆಚ್ಚು ಕಿತ್ತರೆ ಇನ್ನೂ ಬೇಗ.

ಶಸ್ತ್ರಚಿಕಿತ್ಸೆ ನಡೆಯುವಾಗ ಉಸಿರು ಎಣಿಸಲೆಂದೇ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು, ಹೊಲಿಯುವವರಿಂದ ಅದು ಆಗದು. ಯಾವ ಔಷಧಿ ಬಳಸಿದರೂ ಅಷ್ಟೇ. ಈ ಕೆಲಸವನ್ನು ವೈದ್ಯರು ಕಲಿಸಿಕೊಟ್ಟರೆ ಸ್ವಯಂಸೇವಕರೂ ಮಾಡಬಹುದು.

ಹಕ್ಕಿ ಸಿಕ್ಕಾಗ ಬಟ್ಟೆ ಹೊದಿಸಿ, ಎದೆ ಒತ್ತದಂತೆ ಎತ್ತಿ, ಗಾಳಿ ಆಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ. ರೆಕ್ಕೆಗೆ ಸುತ್ತಿದ ಮಾಂಜಾವನ್ನು ಜಗ್ಗಬೇಡಿ, ಎರಡೂ ಕಡೆ ಕತ್ತರಿಸಿ ಹಾಗೇ ಬಿಡಿ. ಬಾಯಿಗೆ ನೀರು, ಹಾಲು ಹೊಯ್ಯಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಉಸಿರುಗಟ್ಟಬಹುದು, ಸಣ್ಣ ಹಕ್ಕಿ ಬಹಳ ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ಆದ್ದರಿಂದ ಎಷ್ಟು ಹೊತ್ತಿಗೆ ಸಿಕ್ಕಿತು, ಏನಾದರೂ ತಿಂದಿತೇ, ಸಿಕ್ಕ ಜಾಗದಲ್ಲಿ ಔಷಧಿ ಹೊಡೆದ ಹೊಲವಿತ್ತೇ ಎಂದು ವೈದ್ಯರಿಗೆ ಹೇಳಿ. ಕೀಟನಾಶಕ ತಿಂದು ತೂರಾಡುವ ನವಿಲಿಗೆ ಮೊದಲು ಬೇಕಾದದ್ದು ಅದರ ಮರುಮದ್ದು, ಅರಿವಳಿಕೆಯಲ್ಲ. ನವಿಲು, ಗಿಳಿ, ಗೂಬೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವುದರಿಂದ ವಾಸಿಯಾದ ಮೇಲೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶು ಸಂಜೀವಿನಿ ಆಂಬುಲೆನ್ಸ್ 1962.